ಕೋಳಿ ಕದ್ದ ಪ್ರೊಫೆಸರು

ನಮ್ಮ ಹಳ್ಳಿಮೈಸೂರಿನ ಪಾಲಾಕ್ಷ ಈಗ ಜರ್ಮನಿಯಲ್ಲಿ ಭಾಷಾಶಾಸ್ತ್ರದ ಪ್ರೊಫೆಸರು. ಪಕ್ಕದ ಮನೆಯವನಾದ ನನಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಅನಸೂಯಮ್ಮನಂಥ ಬಾಯಿಜೋರಿನ ತಾಯಿಗೆ ಹುಟ್ಟಿದವನಿಗೆ ಬೇರೆ ಯಾವ ಶಾಸ್ತ್ರ ಹತ್ತೀತು? ದನ ಕಾಯಲು ಕಳಿಸಿದರೆ ದನ ಬಿಟ್ಟು ಯಾರದೋ ಜಗಳ ಕೇಳುತ್ತ ನಿಲ್ಲುತ್ತಿದ್ದ. ಹೊಳೆನರಸೀಪುರದ ಕಾಲೇಜು, ಮೈಸೂರಿನ ಎಂ.ಎ. ದಾಟಿ ವಿಮಾನ ಹತ್ತಿದ. "ಮಾತಾಡೋದ್ನೂ ಓದ್ತಾರೇನ್ಲಾ?" ಎಂದು ಊರು ನಕ್ಕಿತು.

ಒಂದು ಸುಗ್ಗಿಯಲ್ಲಿ ಬಂದವನ ಮುಖ ಸಪ್ಪಗಿತ್ತು. ಕೆಲಸ ಖಾಯಂ ಆಗಲು ಊರಿನ ಸಹಜ ಮಾತನ್ನು ರೆಕಾರ್ಡ್ ಮಾಡಿ ಒಯ್ಯಬೇಕಿತ್ತು. ಬರಿಗೈಲಿ ಹೋದರೆ ಕೆಲಸಕ್ಕೆ ಎಳ್ಳುನೀರು. ಅನಸೂಯಮ್ಮನೋ, ಮಿಷಿನ್ನಿನ ಕೆಂಪು ದೀಪ ಕಂಡದ್ದೇ ಸೆರಗು ಹೊದ್ದು, "ನಮಸ್ಕಾರ, ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ" ಎಂದು ವಾರ್ತೆ ಓದುತ್ತಿದ್ದಳು.

ನಮ್ಮಲ್ಲಿ ಕೋಳಿ ಕಳವಾದರೆ ಪೊಲೀಸರ ಹತ್ತಿರ ಯಾರೂ ಹೋಗುವುದಿಲ್ಲ. ಕಳಕೊಂಡವಳು ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕುತ್ತಾಳೆ. ಅದು ತಟ್ಟದೆ ಬಿಡುವುದಿಲ್ಲ. ಪಾಲಾಕ್ಷ ಅವ್ವನ ಕೋಳಿಯನ್ನು ಹಿತ್ತಿಲಲ್ಲಿ ಮಂಕರಿ ಕೆಳಗೆ ಮುಚ್ಚಿಟ್ಟು, ಮಿಷಿನ್ ಜೇಬಿಗಿಳಿಸಿ ಜಗಲಿ ಮೇಲೆ ಕೂತ. ಕೋಳಿ ಕಾಣದೆ ಅವ್ವ ಬೀದಿಗಿಳಿದಳು.

"ಯಾವನ್ಲಾ ನನ್ ಕೋಳಿ ಕದ್ದೋನು! ನಿನ್ ಕೈ ಸೇದೋಗ! ನಾಲ್ಗೆ ಬಿದ್ದೋಗ! ತಿಂದಿದ್ದು ಅರಗ್ದಂಗಾಗ!" ಕೊನೆಗೆ ಕಳ್ಳನನ್ನು ಹೆತ್ತವಳ ಹೊಟ್ಟೆಗೂ ಬೆಂಕಿ ಬಿತ್ತು. ಬೀದಿಗೆ ಬೀದಿಯೇ ಕಿವಿಗೊಟ್ಟಿತ್ತು.

ಬೈದು ಸುಸ್ತಾಗಿ ಹಿತ್ತಿಲಿಗೆ ಹೋದವಳಿಗೆ ಮಂಕರಿಯೊಳಗೆ ಕೋಳಿ ಕೂಗಿದ್ದು ಕೇಳಿಸಿತು. ಮಗ ನಗುತ್ತ ಜೇಬಿನ ಮಿಷಿನ್ ತೋರಿಸಿ ಒಪ್ಪಿಕೊಂಡ. ಅವಳು ಕುಸಿದು ಕೂತಳು.

"ಅಯ್ಯೋ, ನಿಂಗೇ ಅಂದ್ಬುಟ್ನಲ್ಲಾ! ಅಳಿಸ್ಲಾ ಅದ್ನ!"

"ಅಳಿಸುದ್ರೆ ಕೆಲ್ಸ ಓಯ್ತದೆ ಕಣವ್ವ."

ಅವಳ ಅಳು ನಿಲ್ಲಲಿಲ್ಲ. ನನಗಂತೂ ಆ ಪಂಡಿತನ ಕಪಾಳಕ್ಕೆ ಬಿಗಿಯುವಷ್ಟು ಸಿಟ್ಟು ಬಂತು. ಕಡೆಗೆ ಅವನು ಅಳಿಸಲು ಬೆರಳಿಟ್ಟ.

ಅವ್ವ ಕಣ್ಣೊರೆಸಿಕೊಂಡು ಎದ್ದಳು. "ತಡಿಲಾ. ಆನ್ ಮಾಡು. ಅಂದ ಬಾಯೇ ವಾಪಸ್ ತಗತದೆ."

ಅದೇ ಜಾಗದಲ್ಲಿ ನಿಂತು ಕೂಗಿದಳು: "ಕೋಳಿ ಕದ್ದೋನ ಕೈ ಗಟ್ಟಿಯಾಗಿರ್ಲಿ! ನಾಲ್ಗೆ ನೂರ್ಕಾಲ ಆಡ್ಲಿ! ತಿಂದಿದ್ದು ಅರಗ್ಲಿ!" ಮುದುಕಿಗೆ ತಲೆ ಕೆಟ್ಟಿತೆಂದು ಜನ ಬಾಗಿಲು ಹಾಕಿಕೊಂಡರು.

ಪಾಲಾಕ್ಷನ ಕೆಲಸ ಖಾಯಂ ಆಯಿತು. ಪಾಠದಲ್ಲಿ ಶಾಪ ಕೇಳಿಸಿದ ಮೇಲೆ ಹಾರೈಕೆಯನ್ನೂ ಕೇಳಿಸಲೇಬೇಕೆಂದು ಅವ್ವನ ಕಟ್ಟಪ್ಪಣೆ. ಇಲ್ಲದಿದ್ದರೆ ಮತ್ತೆ ತಗಲುತ್ತದಂತೆ.

ಮೊನ್ನೆ ನಾನು ಅನಸೂಯಮ್ಮನನ್ನು ಕೆಣಕಿದೆ: "ಅತ್ತೆ, ಕಳ್ಳನ್ನ ಎತ್ತವ್ವಂಗೆ ಆಕಿದ್ ಶಾಪ ಮಾತ್ರ ವಾಪಸ್ ತಗಳ್ಲೇ ಇಲ್ವಲ್ಲ?"

ಕೋಳಿಗೆ ರಾಗಿ ಚೆಲ್ಲುತ್ತಿದ್ದವಳು ತಲೆಯೆತ್ತಲಿಲ್ಲ.

"ಅದಿರ್ಲಿ ಬುಡ್ಲಾ. ಆಕಿದ್ ಶಾಪ ಯಾರ್ಗಾದ್ರೂ ತಟ್ಲೇಬೇಕಲ್ಲ."