ಮಗುಚಿಟ್ಟರೂ ನೋಡುವ ನಾಣ್ಯ

ನನ್ನ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋದ ಮೇಲೆ ಮೂರನೆಯದಕ್ಕೆ ಏಳು ತಿಂಗಳು ತುಂಬುವಾಗ, ಅತ್ತೆ ವಿಸಿಟ್ ವೀಸಾದಲ್ಲಿ ಭಟ್ಕಳದಿಂದ ಸೌದಿಯ ಜುಬೈಲಿಗೆ, ನಮ್ಮ ಮನೆಗೆ ಬಂದರು. ಕುಚ್ಚಲಕ್ಕಿ, ಉಪ್ಪಿನಕಾಯಿಯ ಜೊತೆ ಹತ್ತಿಯಲ್ಲಿ ಸುತ್ತಿದ ಒಂದು ಹಳೆಯ ಚಿನ್ನದ ನಾಣ್ಯವನ್ನೂ ತಂದಿದ್ದರು. ಅದಕ್ಕೊಂದು ತೂತು, ತೂತಿಗೆ ಕರಿದಾರ. ಅವರ ಮನೆಯ ಬಸುರಿಯರೆಲ್ಲ ಹೆರಿಗೆಯವರೆಗೆ ಅದನ್ನು ಕೊರಳಿಗೆ ಹಾಕಿಕೊಳ್ಳಬೇಕಂತೆ.

ನನ್ನ ಗಂಡ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದರು. ಒಂದು ಬದಿಯಲ್ಲಿ ತುರುಬು ಕಟ್ಟಿದವಳು ಹಳೇ ಕಾಲದ ರೋಮಿನ ರಾಣಿ, ಇನ್ನೊಂದು ಬದಿಯಲ್ಲಿ ಮಗು ಎತ್ತಿಕೊಂಡು ಕೂತವಳು ಹೆರಿಗೆಯಲ್ಲಿ ಕಾಪಾಡುವ ಅವರ ದೇವತೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಐದು ಹೊತ್ತು ನಮಾಜು ಮಾಡುವವಳ ಕೊರಳಿಗೆ ದೇವತೆಯೇ? "ಪೂಜೆ ಮಾಡು ಎಂದೆನಾ ನಾನು? ಚಿನ್ನ ಅದು, ಸುಮ್ಮನೆ ಹಾಕಿಕೊ," ಎಂದು ಅತ್ತೆ ಮುಖ ತಿರುಗಿಸಿದರು. ಒಳಗೊಳಗೆ ನನಗೂ ಭಯವಿತ್ತಲ್ಲ, ಹಾಕಿಕೊಂಡೆ.

ನಮಾಜು ಮಾಡುವಲ್ಲಿ ನಾವು ಚಿತ್ರ ಇಡುವುದಿಲ್ಲ. ಕ್ಯಾಲೆಂಡರನ್ನೂ ಗೋಡೆಗೆ ಮುಖ ಮಾಡಿ ತಿರುಗಿಸುತ್ತೇವೆ. ಹಾಗಾಗಿ ಹೊತ್ತುಹೊತ್ತಿಗೂ ನಾಣ್ಯ ಬಿಚ್ಚಿ ಮೇಜಿನ ಮೇಲೆ ಮಗುಚಿಡುತ್ತಿದ್ದೆ. ರಾಣಿಯನ್ನು ಮಗುಚಿದರೆ ದೇವತೆ ನೋಡುತ್ತಾಳೆ, ದೇವತೆಯನ್ನು ಮಗುಚಿದರೆ ರಾಣಿ. ಇದೆಂಥ ಪೀಡೆ! ಕೊನೆಗೆ ಕರವಸ್ತ್ರದಲ್ಲಿ ಗಂಟು ಕಟ್ಟಿ ಡ್ರಾಯರಿನಲ್ಲಿಡತೊಡಗಿದೆ. ನಮಾಜು ಮುಗಿಸಿ ತೆರೆದರೆ ಗಂಟು ಬಿಚ್ಚಿರುತ್ತಿತ್ತು, ದೇವತೆಯ ಬದಿ ಮೇಲಿರುತ್ತಿತ್ತು.

ಇದು ಅತ್ತೆಯದೇ ಕಿತಾಪತಿ ಎಂದು ಒಂದು ದಿನ ಜಗಳಕ್ಕೇ ಹೋದೆ. ಅವರು ತಿರುಗಿ ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ನಿನ್ನ ಕೋಣೆಗೆ ನಾನು ಎಂತಕ್ಕೆ ಬರಲಿ? ನನ್ನ ಕಾಲದಲ್ಲೂ ಅವಳು ಮುಚ್ಚಿ ಇಡ್ಲಿಕ್ಕೆ ಬಿಡ್ತಿರ್ಲಿಲ್ಲ," ಎಂದರು.

ಮರುದಿನ ಬಾಗಿಲಿಗೆ ಚಿಲಕ ಹಾಕಿಯೇ ನಮಾಜಿಗೆ ನಿಂತೆ. ಆಗಲೂ ಗಂಟು ಬಿಚ್ಚಿತ್ತು.

ಅದೇ ವಾರ ಒಂದು ಬೆಳಿಗ್ಗೆ ಹೊಟ್ಟೆಯಲ್ಲಿ ಮಗು ಅಲುಗಲಿಲ್ಲ. ತಣ್ಣೀರು ಕುಡಿದೆ, ಖರ್ಜೂರ ತಿಂದೆ, ಎಡಮಗ್ಗುಲಿಗೆ ಮಲಗಿದೆ. ಊಹೂಂ. ಹಿಂದಿನ ಎರಡು ಸಲವೂ ಹೀಗೇ ಶುರುವಾಗಿತ್ತು. ಗಂಡ ಕೆಲಸದ ಪ್ಲಾಂಟಿನಿಂದ ಕಾರು ತರುವವರೆಗೆ ಅತ್ತೆ ಪಕ್ಕದಲ್ಲಿ ಕೂತು ದುವಾ ಓದುತ್ತಿದ್ದರು. ನಾನೂ ಅಲ್ಲಾಹನನ್ನು ಕರೆದೆ, ಗಂಟಲು ಒಣಗುವಷ್ಟು ಕರೆದೆ. ಆಮೇಲೆ ಅತ್ತೆಗೆ ಕಾಣದ ಹಾಗೆ ದುಪಟ್ಟಾದೊಳಗೆ ಕೈ ಹಾಕಿ, ನಾಣ್ಯ ಬಿಚ್ಚಿ, ಮಗು ಎತ್ತಿಕೊಂಡವಳ ಬದಿಯನ್ನು ಹೊಟ್ಟೆಗೆ ಒತ್ತಿಕೊಂಡು ಮನಸ್ಸಿನಲ್ಲೇ ಹೇಳಿದೆ: ನೀನಾದರೂ ಉಳಿಸಿಕೊಡು.

ಮಗು ಒದ್ದಿತು.

ಮಗಳಿಗೆ ಈಗ ನಾಲ್ಕು ವರ್ಷ. ನಮಾಜಿನಲ್ಲಿ ಹಣೆ ನೆಲಕ್ಕಿಟ್ಟು ಅವಳಿಗಾಗಿ ಕೃತಜ್ಞತೆ ಹೇಳುವಾಗ, ಅದು ಯಾರಿಗೆ ಹೋಗಿ ಮುಟ್ಟುತ್ತಿದೆಯೋ ಎಂದು ಪ್ರತಿ ಸಲವೂ ಹೆದರುತ್ತೇನೆ.