ಶಾರದಕ್ಕನ ಎರಡು ಗುರ್ಗಿ

ಬರೀ ಹೂ ಕಿತ್ತು ತಂದವರನ್ನು ಶಾರದಕ್ಕ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದಳು. "ತಲೆ ಕೊಯ್ಕೊಂಡು ಬಂದಿದೀಯಲ್ಲ, ಮೈ ಎಲ್ಲಿ ಬಿಟ್ಟೆ ಮಾರಾಯ? ಎಲೆ ತಾ, ಗುರುತು ಹೇಳ್ತೀನಿ."

ವಿನೋಬನಗರದಲ್ಲಿ ಅವಳದು ನಮ್ಮ ಪಕ್ಕದ ಮನೆ. ಭದ್ರಾವತಿಯ ಒಂದು ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಗುಡಿಸುವುದು, ಗಾಜು ತೊಳೆಯುವುದು ಸಂಬಳದ ಕೆಲಸ. ಗಿಡಗಳನ್ನು ಹಳೇ ಪೇಪರಿನ ನಡುವೆ ಒಣಗಿಸಿ, ದಪ್ಪ ಹಾಳೆಗೆ ದಾರದಲ್ಲಿ ಹೊಲಿದಿಡುವುದು ಅವಳ ಪ್ರಾಣ. ಅವಳ ಕಣ್ಣು ಮಂಜಾದ ಮೇಲೆ ಆ ಹೊಲಿಗೆ ನನ್ನ ಪಾಲಿಗೆ ಬಂತು. ನಿಮ್ಮ ತಾತ ಹೋದ ಹೊಸತು, ಮಕ್ಕಳೇ. ಮಾತಿಗಿಂತ ಸೂಜಿ ಹಿತವಾಗಿತ್ತು.

ಒಂದು ವರ್ಷ ಗಿರಿಯಲ್ಲಿ ಗುರ್ಗಿ ಅರಳಿತು. ಪೇಪರಿನವರು ನೀಲಕುರಿಂಜಿ ಅನ್ನುತ್ತಾರಲ್ಲ, ಅದೇ. ಅವಳು ಎರಡು ಗಿಡ ತಂದಳು. ನನಗೆ ಎರಡೂ ಒಂದೇ ನೀಲಿ. ನನ್ನ ಬೆರಳು ಹಿಡಿದು ಎಲೆಯ ಬುಡಕ್ಕೆ ಒತ್ತಿದಳು. "ಇದಕ್ಕೆ ತೊಟ್ಟು ಇದೆ. ಇದು ನೋಡು, ಕಾಂಡದ ಮೇಲೇ ಕೂತಿದೆ, ಮೈತುಂಬ ರೋಮ. ಅಕ್ಕ ತಂಗಿ ಇರ್ಬೋದು, ಒಬ್ಬಳೇ ಅಲ್ಲ."

"ಗುಡಿಸೋದು ಬಿಟ್ಟು ಪಾಠ ಮಾಡ್ತೀಯೇನಮ್ಮ? ಎರಡೂ ಒಂದೇ, ಒಂದನ್ನ ಬಿಸಾಕು" ಎಂದು ಅಲ್ಲಿನ ಲೆಕ್ಚರರ್ ನಕ್ಕನಂತೆ. ನಾನು ಯಾವ ಮೇಷ್ಟ್ರಿಗೂ ಏಕವಚನ ಬಳಸಿದವಳಲ್ಲ, ಇವನಿಗೆ ಬಳಸುತ್ತೇನೆ. ಅವಳು ಬಿಸಾಕಲಿಲ್ಲ, ನನ್ನಿಂದ ಎರಡು ಹಾಳೆ ಹೊಲಿಸಿದಳು.

ಅವನ್ನು ಕಾಲೇಜಿಗೆ ಕೊಡಲು ನಾನೂ ಅವಳ ಜೊತೆ ಹೋದ ದಿನ ಹೊರಗಿನಿಂದ ಒಬ್ಬ ದೊಡ್ಡ ಪ್ರೊಫೆಸರ್ ಬಂದಿದ್ದರು. ಹಾಳೆಗಳನ್ನು ಬೆಳಕಿಗೆ ಹಿಡಿದು, "ಅರೆ, ಇವು ಬೇರೆ ಬೇರೆ ಜಾತಿ. ಯಾರು ಗುರುತಿಸಿದ್ದು?" ಎಂದರು.

"ನಾನೇ ಸರ್." ಹಾಗೆನ್ನುವಾಗ ಆ ಲೆಕ್ಚರರನ ನಾಲಿಗೆ ತಡವರಿಸಲೂ ಇಲ್ಲ.

"ಹೇಳಿದ್ದು ನಾನು" ಎಂದಳು ಶಾರದಕ್ಕ.

"ನಮ್ಮ ಅಟೆಂಡರ್, ಸರ್. ಸ್ವಲ್ಪ ಬಾಯಿ ಜಾಸ್ತಿ."

ಅವಳು ನನ್ನ ಕಡೆ ತಿರುಗಿದಳು. "ನೀನು ಹೇಳೇ. ಹೊಲ್ದೋಳು ನೀನಲ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ಎರಡೂ ಹಾಳೆಗಳ ಮೂಲೆಯಲ್ಲಿ ಗುರುತಿಸಿದವನೆಂದು ಅವನ ಹೆಸರು ಬಿತ್ತು.

ಮನೆಗೆ ವಾಪಸಾಗುವ ಬಸ್ಸು ಮಾಚೇನಹಳ್ಳಿ ದಾಟಿತು. ಆಗ ಅವಳು ಹೇಳಿದಳು: "ಅವನು ಕಳ್ಳ, ಬಿಡು. ನಿನ್ನ ಬಾಯಿಗೆ ಹೊಲಿಗೆ ಹಾಕಿದ್ದು ಯಾರೇ ಮಾರಾಯ್ತಿ?"

ಮತ್ತೆಂದೂ ನನಗೆ ಹಾಳೆ ತರಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಹೂವಿಲ್ಲದ ಗುರ್ಗಿಯ ರೆಂಬೆಯೊಂದನ್ನು ಗಿರಿಯಿಂದ ತರಿಸಿಕೊಂಡು ಹೋದೆ. ಅಷ್ಟರಲ್ಲಿ ಅವಳ ಕಣ್ಣು ಪೂರ್ತಿ ಹೋಗಿತ್ತು. ಎಲೆಯ ಬುಡ ತಡವಿ, "ತೊಟ್ಟು ಇರೋದು" ಎಂದಳು. ಆಮೇಲೆ ನನ್ನ ಬೆರಳು ತಡವಿ, "ನೀನಾ" ಎಂದು ಕೈ ಬಿಟ್ಟಳು. ತಪ್ಪಾಯಿತು ಎನ್ನಲು ಆಗಲೂ ನನಗೆ ಬಾಯಿ ಬರಲಿಲ್ಲ. ವಾರದೊಳಗೆ ಹೋದಳು.

ಆ ಕಾಲೇಜಿನ ಬೀರುವಿನಲ್ಲಿ ಆ ಹಾಳೆಗಳು ಇನ್ನೂ ಇದ್ದರೆ ಹೋಗಿ ನೋಡಿ, ಮಕ್ಕಳೇ. ಹೊಲಿಗೆ ನನ್ನದು. ಹೆಸರು ಸುಳ್ಳು.