ಪುಟ್ಟಮಾದನಿಗೊಂದು ಎಡೆ

ಕರಿಸಿದ್ದಯ್ಯನಿಗೆ ನಡೆದು ನಡೆದು ಸಾಕಾಗಿ ಹೋಗಿತ್ತು. ಬೆಸಗರಹಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಮಂಡ್ಯಕ್ಕೆ, ಪಲ್ಟನ್ನಿನಿಂದ ಯಾರೋ ಊರಿಗೆ ಬಂದಿದ್ದಾರಂತೆ ಎಂದು ಕಿವಿಗೆ ಬಿದ್ದರೆ ಸಾಕು, ಆ ಮನೆಯ ಬಾಗಿಲಿಗೆ. ಹೋದಲ್ಲೆಲ್ಲ ಕೇಳುವುದು ಒಂದೇ ಮಾತು, ‘ನಮ್ ಪುಟ್ಟಮಾದನ್ನ ಎಲ್ಲಾದ್ರೂ ಕಂಡಿದ್ರಾ?’ ಅರವತ್ತು ದಾಟಿದ ಮುದುಕ, ಬಿಸಿಲಲ್ಲಿ ಬಂದಿದ್ದಾನೆ, ಬರಿಗೈಲಿ ಕಳಿಸುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ ಕೆಲವರು ಕಂಡಿದ್ದೆವು ಎಂದುಬಿಡುತ್ತಿದ್ದರು. ಒಬ್ಬ ರಂಗೂನಿನಲ್ಲಿ ಕಂಡಿದ್ದ, ಇನ್ನೊಬ್ಬ ಬಸ್ರಾದಲ್ಲಿ. ಮಗ ಎರಡು ಕಡೆಗೂ ಹೋಗಿರಲಿಲ್ಲ. ಅಂಥ ದಾಕ್ಷಿಣ್ಯಕ್ಕೆ ಬೆಂಕಿ ಬೀಳಲಿ. ಅದರಿಂದ ಮುದುಕನ ಕಾಲು ಸವೆಯಿತೇ ಹೊರತು ಇನ್ನೇನೂ ಆಗಲಿಲ್ಲ.

ಪುಟ್ಟಮಾದ ಹೋದದ್ದು ಸಿಂಗಪುರಕ್ಕೆ. ಸಿಂಗಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಸರ್ಕಾರದಿಂದ ಒಂದು ತಂತಿ ಬಂತು, ‘ಕಾಣೆಯಾಗಿದ್ದಾನೆ’ ಎಂದು. ಶಾಲೆ ಮೇಷ್ಟರು ಅದನ್ನು ಓದಿ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಹೊರಟುಹೋದರು. ಸತ್ತಿದ್ದಾನೆ ಎಂದಿದ್ದರೆ ಎದೆ ಬಡಿದುಕೊಂಡು ಅಳಬಹುದಿತ್ತು. ಬದುಕಿದ್ದಾನೆ ಎಂದಿದ್ದರೆ ಮನೆದೇವರಿಗೆ ಹರಕೆ ಕಟ್ಟಬಹುದಿತ್ತು. ಎಮ್ಮೆ ಕಾಣೆಯಾದರೆ ದೊಡ್ಡಿಗೆ ಹೋಗಿ ನೋಡಬಹುದು, ಮಗ ಕಾಣೆಯಾದರೆ ಎಲ್ಲಿಗೆ ಹೋಗಬೇಕು? ಯುದ್ಧ ಮುಗಿಯಿತೆಂದು ಡಂಗುರ ಹೊಡೆಸಿದರು. ಹೋದವರಲ್ಲಿ ಕೆಲವರು ಬಂದರು. ಪುಟ್ಟಮಾದ ಬರಲಿಲ್ಲ.

ಆ ವರ್ಷದ ಮಾರ್ಲಮಿಯಲ್ಲೇ ಮನೆಯಲ್ಲಿ ಮಾತು ಹತ್ತಿಕೊಂಡಿತು. ಮಾರ್ಲಮಿ ಅಂದರೆ ಹಿರಿಯರ ಹಬ್ಬ. ಮನೆಯಲ್ಲಿ ತೀರಿಕೊಂಡವರ ಹೆಸರೆಲ್ಲ ಕೂಗಿ, ಅವರವರಿಗೆ ಇಷ್ಟವಾದದ್ದನ್ನು ಬಾಳೆಲೆಯ ಮೇಲೆ ಬಡಿಸಿ, ಎಡೆ ಇಟ್ಟು ಕೈ ಮುಗಿಯಬೇಕು. ಸತ್ತವನ ಹೆಸರು ಕೂಗದೆ ಬಿಟ್ಟರೆ ಅವನು ಹೊಸಿಲಾಚೆ ನಿಂತು ಉಳಿದವರು ಉಣ್ಣುವುದನ್ನು ನೋಡುತ್ತಾ ಹಸಿದುಕೊಂಡೇ ಹೋಗುತ್ತಾನೆ. ಇನ್ನು ಬದುಕಿರುವವನ ಹೆಸರು ಕೂಗಿದರೋ, ಅವನ ಆಯುಸ್ಸು ಅಲ್ಲಿಗೆ ಮುರಿಯಿತು. ಈ ಎರಡರ ನಡುವೆ ಕರಿಸಿದ್ದಯ್ಯ ಸಿಕ್ಕಿಕೊಂಡ.

‘ನಾಕ್ ವರ್ಸ ಆಯ್ತು ಕಣಮ್ಮಿ. ಮಗ ಅಸ್ಕಂಡಿದ್ರೆ ಏನ್ ಮಾಡದು?’ ಎಂದ.

ಹೆಂಡತಿ ಮಹದೇವಮ್ಮ ಒಲೆ ಮುಂದಿನಿಂದ ಎದ್ದೇ ಬಂದಳು. ‘ಬದ್ಕಿರೋ ಮಗಂಗೆ ಎಡೆ ಇಕ್ಕೀಯಾ? ನೀನೇ ಕೈಯಾರೆ ಕೊಂದಂಗೆ ಕಣೋ ಮುದ್ಕ! ನೀನು ಕಣ್ಣಾರೆ ಕಂಡಿದ್ದೀಯಾ? ಕಂಡೋರ್ನ ಕರ್ಕಂಡ್ ಬಾ, ಆಮೇಲೆ ಇಕ್ಕಾನ.’

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕರಿಸಿದ್ದಯ್ಯ ಕಂಡವರನ್ನು ಹುಡುಕಲು ಹೊರಟದ್ದು ಹೀಗೆ.

ಪುಟ್ಟಮಾದ ಎಂಥವನು ಎಂದು ಹೇಳಬೇಕು. ನೇಗಿಲು ಹಿಡಿದರೆ ಸಾಲು ಸೊಟ್ಟ, ಇದ್ದಿಲು ಹಿಡಿದರೆ ಗೆರೆ ನೆಟ್ಟಗೆ. ಊರೂರಿನವರು ನಾಟಕ ಕಲಿತು ಆಡುತ್ತಿದ್ದ ಕಾಲ. ಅವರ ಸೀನು ಪರದೆಗಳನ್ನು ಬರೆಯುವುದು ಇವನ ಕೆಲಸ. ದರ್ಬಾರು, ಕಾಡು, ಕೈಲಾಸ, ಏನು ಬೇಕಾದರೂ ಬರೆದುಕೊಡುತ್ತಿದ್ದ. ಅವನು ಬರೆದ ಕಾಡಿನ ಮರಗಳ ತುಂಬ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಕೂತಿರುತ್ತಿದ್ದವು. ಹಕ್ಕಿ ಯಾಕಪ್ಪಾ, ವನವಾಸದ ಸೀನು ಇದು ಎಂದು ನಾಟಕದ ಮೇಷ್ಟರು ರೇಗಿದರೆ, ವನವಾಸಕ್ಕೆ ಹೋದವರಿಗೂ ಒಂದಿಷ್ಟು ಜೊತೆ ಬೇಡವೇ ಎನ್ನುತ್ತಿದ್ದ. ದೇವರಿಗಾಗಲಿ ರಾಕ್ಷಸನಿಗಾಗಲಿ ಅವನ ಕೈಯಲ್ಲಿ ಕಿವಿ ಮಾತ್ರ ಒಂಚೂರು ದೊಡ್ಡದಾಗಿಯೇ ಬೀಳುತ್ತಿತ್ತು. ಬೈದರೂ ತಿದ್ದಿಕೊಳ್ಳಲಿಲ್ಲ.

ಆದರೆ ಬದುಕಿದ್ದ ಮನುಷ್ಯರನ್ನು ಮಾತ್ರ ಅವನು ಬರೆಯುವಂತಿರಲಿಲ್ಲ. ಜೀವಂತ ಇರುವವರ ಮುಖ ಬರೆದರೆ ಜೀವ ಆ ಚಿತ್ರಕ್ಕೆ ಹೋಗುತ್ತದೆ ಎಂದು ಆ ಕಡೆಯ ಜನ ನಂಬಿದ್ದರು. ಹುಡುಗನಾಗಿದ್ದಾಗ ಒಮ್ಮೆ ತಾಯಿ ರಾಗಿ ಕೇರುತ್ತಿದ್ದುದನ್ನು ಹಿತ್ತಿಲ ಗೋಡೆಯ ಮೇಲೆ ಬರೆದಿದ್ದ. ಮಹದೇವಮ್ಮ ನೋಡಿದವಳೇ ಸಗಣಿ ಬಳಿದು ಅಳಿಸಿ, ಅವನ ಬೆನ್ನಿಗೆರಡು ಬಿಟ್ಟಿದ್ದಳು. ಆಮೇಲೆ ಅವನು ಯಾರ ಮುಖದ ತಂಟೆಗೂ ಹೋಗಲಿಲ್ಲ.

ಯುದ್ಧ ಶುರುವಾಗಿ ಬಟ್ಟೆಯ ಬೆಲೆ ಏರಿತು. ಉಡುವುದಕ್ಕೇ ಬಟ್ಟೆ ಇಲ್ಲದಾಗ ಪರದೆ ಬರೆಸುವವರು ಯಾರು? ಮದ್ದೂರು ಸಂತೆಯಲ್ಲಿ ಪಲ್ಟನ್ನಿಗೆ ಆಳು ಸೇರಿಸಿಕೊಳ್ಳುವವರು ಮೇಜು ಹಾಕಿಕೊಂಡು ಕೂತಿದ್ದರು. ಹೋಗಿ ಸೇರಿಕೊಂಡ. ಸಮುದ್ರ ನೋಡಿಕೊಂಡು ಬರುತ್ತೇನೆ, ಪರದೆಗೆ ಸಮುದ್ರದ ಸೀನು ಬೇಕಾಗುತ್ತದೆ ಎಂದು ತಾಯಿಗೆ ಹೇಳಿ ಹೋದ.

ಯುದ್ಧ ಮುಗಿದ ಮೇಲಿನ ಕಬ್ಬಿನ ಸುಗ್ಗಿಯಲ್ಲಿ ಮೊದಲ ಸುಳಿವು ಸಿಕ್ಕಿತು. ಮಂಡ್ಯದ ಸಕ್ಕರೆ ಫ್ಯಾಕ್ಟರಿಯ ಮುಂದೆ ಗಾಡಿಗಳ ಸಾಲು. ಕಬ್ಬು ತೂಕಕ್ಕೆ ಹೋಗುವವರೆಗೆ ಎತ್ತು ಬಿಚ್ಚಿ, ಗಾಡಿಯ ನೆರಳಲ್ಲಿ ಕೂತು ಊರಿನ ಸುದ್ದಿಯೆಲ್ಲ ಮಾತಾಡುವ ಜಾಗ ಅದು. ಕರಿಸಿದ್ದಯ್ಯ ಮುಂದಿನ ಗಾಡಿಯವನನ್ನು ಎಂದಿನಂತೆ ಕೇಳಿ, ಮಗ ಪರದೆ ಬರೆಯುತ್ತಿದ್ದ ಎಂದೂ ಹೇಳಿದ. ಅವನು ಮಳವಳ್ಳಿ ಕಡೆಯವನು.

‘ಬರಿಯೋ ಕೆಲ್ಸದೋನಾ?’ ಎಂದು ಅವನು ಬೀಡಿ ಬಾಯಿಂದ ತೆಗೆದ. ‘ನಮ್ಮೂರಲ್ಲಿ ಇಂದ್ರಮ್ಮ ಅಂತ ಅವ್ಳೆ. ಅವ್ಳ ಗಂಡ ಅಂಕಯ್ಯ ಸಿಂಗಪುರದ ಕಡೆ ತೀರ್ಕಂಡ. ಯಾರೋ ಬರ್ದಿರೋ ಅವನ ಚಿತ್ರ ಬಂದೈತೆ ನೋಡು, ಥೇಟ್ ಅವ್ನೇಯ.’

ಕಬ್ಬು ಇಳಿಸಿ, ಗಾಡಿಯನ್ನು ಊರಿನವರ ಜೊತೆ ಕಳಿಸಿ, ಕರಿಸಿದ್ದಯ್ಯ ಮಳವಳ್ಳಿಯ ದಾರಿ ಹಿಡಿದ. ಇಂದ್ರಮ್ಮ ಇನ್ನೂ ಸಣ್ಣ ವಯಸ್ಸಿನವಳು. ಬಂದವನು ಯಾರು, ಯಾಕೆ ಬಂದ ಎಂದು ಪೂರ್ತಿ ಕೇಳಿಸಿಕೊಂಡು, ಕೈಕಾಲಿಗೆ ನೀರು ಕೊಟ್ಟು, ದೇವರ ಗೂಡಿನಿಂದ ಒಂದು ರಟ್ಟಿನ ತುಂಡನ್ನು ಸೆರಗಿನಲ್ಲಿ ಹಿಡಿದು ತಂದಳು. ಯಾವುದೋ ಡಬ್ಬದ ರಟ್ಟು, ಅದರ ಮೇಲೆ ಇದ್ದಿಲ ಗೆರೆ. ಕೆನ್ನೆ ಬತ್ತಿದ ಒಬ್ಬ ಗಂಡಸು ಕಣ್ಣು ಮುಚ್ಚಿ ಮಲಗಿದ್ದಾನೆ. ಕಿವಿ ಒಂಚೂರು ದೊಡ್ಡದು.

ಕರಿಸಿದ್ದಯ್ಯ ಆ ಕಿವಿಯನ್ನೇ ನೋಡುತ್ತಾ ಕೂತ. ಅಂಕಯ್ಯನ ಮುಖ ಅವನ ಕಣ್ಣಿಗೆ ಹತ್ತಲೇ ಇಲ್ಲ.

‘ಉಸಿರು ಓದ್ಮೇಲೆ ಬರ್ದದ್ದಂತೆ’ ಎಂದಳು ಇಂದ್ರಮ್ಮ. ‘ಬದ್ಕಿರೋರು ಯಾರೂ ಬರಸ್ಕತಿರ್ನಿಲ್ವಂತೆ. ಅಲ್ಲಿ ಯಾರು ಸತ್ರೂ ಮಣ್ಣು ಮಾಡೋಕ್ ಮುಂಚೆ ನಿಮ್ ಮಗ ಮುಖ ಬರ್ದು ಅವ್ರ ಕಡೆಯೋರ ಕೈಗೆ ಕೊಡ್ತಿದ್ನಂತೆ, ಮನೆಯೋರ್ಗೆ ಗೊತ್ತಾಗ್ಲಿ ಅಂತ. ಇದ್ನ ತಂದ್ಕೊಟ್ಟೋನು ಸೋಮನಹಳ್ಳಿ ಮುದ್ದಯ್ಯ. ಬರ್ದೋನು ಏನಾದ ಅಂತ ಅವ್ನೂ ಏಳ್ನಿಲ್ಲ, ನಾನೂ ಕೇಳ್ನಿಲ್ಲ. ಇದು ಬರ್ನಿಲ್ಲ ಅಂದಿದ್ರೆ ನಾನು ಈ ವರ್ಸಾನೂ ಎಡೆ ಇಕ್ತಿರ್ನಿಲ್ಲ ಕಣಪ್ಪೋ. ಇನ್ನೂ ದಾರಿ ನೋಡ್ತಾ ಕುಂತಿರ್ತಿದ್ದೆ.’

ಹೊರಡುವಾಗ ಅವಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಯಾರದೋ ಮನೆಯಲ್ಲಿ ತನ್ನ ಮಗನಿಗೆ ಸಲ್ಲಬೇಕಾದದ್ದು ತನಗೆ ಸಂದಿತು ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದ. ಮಹದೇವಮ್ಮ ಅರ್ಧಕ್ಕೇ ತಡೆದಳು.

‘ಸತ್ತೋರ್ದೆಲ್ಲ ಚಿತ್ರ ಬಂದೈತಾ?’

‘ಬಂದೈತಂತೆ.’

‘ನಮ್ ಮಗುಂದು ಬಂದೈತಾ?’

‘ಇಲ್ಲ.’

‘ಅಂಗಾರೆ ಅವ್ನು ಬದ್ಕವ್ನೆ!’ ಎಂದು ಅವಳು ಎರಡೂ ಕೈಯಿಂದ ಅವನ ತೋಳು ಹಿಡಿದು ಅಲ್ಲಾಡಿಸಿದಳು. ‘ಸತ್ತಿದ್ರೆ ಅವನ್ದೂ ಬರ್ಬೇಕಾಗಿತ್ತು ತಾನೇ? ನನ್ ಮಗ ಬದ್ಕವ್ನೆ ಕಣೋ!’

ಮಾತು ಸರಿಯಾಗಿಯೇ ಇದೆ ಎಂದು ಅಕ್ಕಪಕ್ಕದವರೂ ತಲೆದೂಗಿದರು. ಚಿತ್ರ ಬಂದವರು ಸತ್ತವರು, ಬಾರದವರು ಬದುಕಿದವರು. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಊರಿಗೆ ಊರೇ ಅದನ್ನು ನಂಬಿತು. ಕರಿಸಿದ್ದಯ್ಯನೂ ನಂಬಿದ. ಅಲ್ಲ, ನಂಬುವುದಕ್ಕೆ ಅವನಿಗೆ ಆಸೆಯಾಯಿತು. ಅವನಿಗೂ ಎಷ್ಟೆಂದು ಸುತ್ತುವುದು? ಸೋಮನಹಳ್ಳಿ ದೂರವೇನಿಲ್ಲ, ಮುದ್ದಯ್ಯನನ್ನು ಕೇಳಿದರೆ ಮುಗಿಯಿತು. ಆದರೂ ಹೋಗಲಿಲ್ಲ. ಕಬ್ಬು ಮುಗಿಯಲಿ ಎಂದ, ಮಳೆ ಬರಲಿ ಎಂದ, ನಾಟಿ ಆಗಲಿ ಎಂದ. ಆ ಆರೆಂಟು ತಿಂಗಳು ಮಹದೇವಮ್ಮ ಹಾಡಿಕೊಂಡು ರಾಗಿ ಬೀಸಿದಳು. ಅದನ್ನು ಕೇಳುತ್ತಾ ಜಗಲಿಯ ಮೇಲೆ ಬಿದ್ದುಕೊಳ್ಳುವುದು ಅವನಿಗೆ ಹಿತವಾಗಿತ್ತು, ಒಳಗೊಳಗೇ ಹೆದರಿಕೆಯೂ ಆಗುತ್ತಿತ್ತು.

ಮತ್ತೆ ಮಾರ್ಲಮಿ ಹತ್ತಿರ ಬಂತು. ಮನೆಗೆ ಸುಣ್ಣ ಹೊಡೆಯುವಾಗ ಅವನಿಗೆ ತಡೆಯಲಾಗಲಿಲ್ಲ. ಸುಣ್ಣದ ಕುಂಚವನ್ನು ಗಡಿಗೆಯಲ್ಲೇ ಬಿಟ್ಟು ಸೋಮನಹಳ್ಳಿಗೆ ಹೊರಟ.

ಮುದ್ದಯ್ಯ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಮೂವತ್ತರ ಹುಡುಗ, ಐವತ್ತರವನ ಹಾಗೆ ಕಾಣುತ್ತಿದ್ದ. ಬಂದವನ ಹೆಸರು ಕೇಳಿದ್ದೇ ತಡ, ಎದ್ದು ನಿಂತು ನೆಲ ನೋಡತೊಡಗಿದ. ಕರಿಸಿದ್ದಯ್ಯನಿಗೆ ಅಲ್ಲೇ ತಿಳಿದುಹೋಯಿತು. ತಿಳಿದರೂ ಕೇಳಲೇಬೇಕಾಗಿತ್ತು.

‘ಎಲ್ಲಾರ್ ಮನೆಗೂ ಚಿತ್ರ ತಂದ್ಕೊಟ್ಟಿದ್ದೀಯಂತೆ ಕಣಪ್ಪ. ನಮ್ಮನೆಗೆ ಯಾಕೆ ತರ್ನಿಲ್ಲ?’

‘ಯಜಮಾನ್ರೆ…’ ಎಂದು ಮುದ್ದಯ್ಯ ಕಂಬ ಹಿಡಿದುಕೊಂಡ. ‘ಬರೀತಿದ್ದೋನು ಅವ್ನೊಬ್ನೇಯ. ಅವ್ನು ಓದ್ಮೇಲೆ ಅವನ್ದ ಬರಿಯೋರು ಯಾರಿದ್ರು?’

ಒಳಗಿನಿಂದ ಯಾರೋ ಮಜ್ಜಿಗೆ ತಂದಿಟ್ಟು ಹೋದರು.

ಮುದ್ದಯ್ಯ ತಡೆತಡೆದು ಎಲ್ಲವನ್ನೂ ಹೇಳಿದ. ಜಪಾನಿನವರು ಇವರನ್ನೆಲ್ಲ ಹಡಗಿಗೆ ತುಂಬಿ ಯಾವುದೋ ದ್ವೀಪಕ್ಕೆ ಸಾಗಿಸಿದ್ದರು. ಮಣ್ಣು ಹೊರುವ ಕೆಲಸ, ಅರೆಹೊಟ್ಟೆ ಊಟ. ಕೊನೆಕೊನೆಗೆ ಎಲೆ ಬೇಯಿಸಿಕೊಂಡು ತಿಂದರಂತೆ. ಪುಟ್ಟಮಾದನಿಗೆ ರಕ್ತಭೇದಿ ಹತ್ತಿತು. ಅಷ್ಟಾದರೂ ಯಾರಾದರೂ ಸತ್ತರೆ ತೆವಳಿಕೊಂಡು ಹೋಗಿ ಬರೆಯುತ್ತಿದ್ದ. ಯುದ್ಧ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಅವನೂ ಏಳಲಿಲ್ಲ.

‘ನಾನೇ ಬರ್ಯಾನ ಅಂತ ಅವನ್ ಇದ್ಲೇ ತಗಂಡು ಕುಂತೆ, ಯಜಮಾನ್ರೆ. ಗುಳಿ ತೋಡೋರು ಬೇಗ ಆಗ್ಲಿ ಅಂತವ್ರೆ, ನಂಗೆ ಇದ್ಲು ಇಡ್ದೇ ಗೊತ್ತಿಲ್ಲ. ಬರ್ದು ನೋಡ್ತೀನಿ, ಮೂಗೂ ಇಲ್ಲ ಮುಖಾನೂ ಇಲ್ಲ, ಮಕ್ಳು ಮಸಿ ಬಳ್ದಂಗೈತೆ. ಅಷ್ಟು ಚಂದಾಗಿ ಬರೀತಿದ್ದೋನ್ನ ಇಂಗಾ ಕಳ್ಸದು ಅಂತ ನಾಚ್ಕೆ ಆಯ್ತು. ಅಲ್ಲೇ ಅರ್ದಾಕ್ದೆ.’ ಅವನು ಕಂಬಳಿಯಿಂದ ಮುಖ ಒರೆಸಿಕೊಂಡ. ‘ನಿಮ್ಮನೆಗೆ ಬರೀಗೈಲಿ ಎಂಗ್ ಬರ್ಲಿ? ಚಿತ್ರ ಬರ್ನಿಲ್ಲ, ಅದ್ಕೇ ಬದ್ಕವ್ನೆ ಅಂತ ಅವ್ವ ಖುಸಿಯಾಗವ್ಳೆ ಅಂತ ಬೇರೆ ಕೇಳ್ದೆ. ಕಾಲೇ ಬರ್ನಿಲ್ಲ.’

ಕರಿಸಿದ್ದಯ್ಯನಿಗೆ ಅವನ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ತಾನು ಸುಣ್ಣ ಹೊಡೆಯುವವರೆಗೂ ಯಾಕೆ ತಡ ಮಾಡಿದನೋ ಅದೇ ಕಾರಣಕ್ಕೆ ಇವನೂ ಜಗಲಿ ಬಿಟ್ಟು ಏಳಲಿಲ್ಲ. ‘ನೀನು ಮಣ್ಣಾದ್ರೂ ಆಕ್ದಲ್ಲ ಕಣಪ್ಪ, ಅಷ್ಟೇ ಸಾಕು’ ಎಂದು ಅವನ ತಲೆ ಸವರಿ ಹೊರಟ. ಮಜ್ಜಿಗೆ ಹಾಗೆಯೇ ಉಳಿಯಿತು.

ದಾರಿಯುದ್ದಕ್ಕೂ ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡ. ಮನೆಗೆ ಬಂದರೆ ಅವಳು ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

‘ಸತ್ತೋರ ಮುಖ ಬರೀತಿದ್ದೋನು ಅವ್ನೊಬ್ನೇ ಅಂತೆ ಕಣಮ್ಮಿ. ಅವನ್ ಮುಖ ಬರ್ಯಕ್ಕೆ ಯಾರೂ ಇರ್ನಿಲ್ವಂತೆ’ ಎಂದ.

ಮಹದೇವಮ್ಮ ಕಲ್ಲಿನ ಗೂಟ ಹಿಡಿದವಳು ಹಿಡಿದ ಹಾಗೆಯೇ ಕೂತಳು. ಅವಳು ಬೋರಾಡಿ ಅಳುತ್ತಾಳೆ, ತನ್ನ ಮೇಲೆ ಹರಿಹಾಯುತ್ತಾಳೆ ಎಂದು ಅವನು ಕಾದ. ಅವಳು ಕೇಳಿದ್ದು ಒಂದೇ.

‘ಕಡೇಗೆ ಏನ್ ಉಂಡಿದ್ದ?’

ಎಲೆ ಬೇಯಿಸಿಕೊಂಡು ತಿಂದ ಮಾತನ್ನು ಅವನು ಬಾಯಿಬಿಡಲಿಲ್ಲ. ಗೊತ್ತಿಲ್ಲ ಎಂದ. ಆದರೆ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಆಗ ಅತ್ತಳು.

ಹಬ್ಬದ ದಿನ ಯಾರನ್ನೂ ಒಲೆಯ ಹತ್ತಿರ ಬಿಡದೆ ಅವಳೊಬ್ಬಳೇ ಎಲ್ಲ ಮಾಡಿದಳು. ಕೋಳಿ ಸಾರು, ಮುದ್ದೆ, ಒತ್ತು ಶಾವಿಗೆ, ಕಜ್ಜಾಯ, ಹುರಿದ ಅವರೆಕಾಳು. ಹಿರಿಯರಿಗೆಲ್ಲ ಬಡಿಸಿ ಆದ ಮೇಲೆ ಕೊನೆಯಲ್ಲಿ ಇನ್ನೊಂದು ಎಲೆ ಹಾಕಿದಳು. ಆ ಎಲೆಯ ಮೇಲೆ ಎರಡಾಳು ಉಣ್ಣುವಷ್ಟು ಬಿತ್ತು. ಕರಿಸಿದ್ದಯ್ಯ ಧೂಪ ಹಾಕಿ ಮುತ್ತಾತನ ಹೆಸರು ಕೂಗಿದ, ತಾತನ ಹೆಸರು ಕೂಗಿದ, ಅಪ್ಪ ಅವ್ವನ ಹೆಸರು ಕೂಗಿದ. ಆಮೇಲೆ ಮತ್ತೆ ಮತ್ತೆ ಧೂಪ ಹಾಕತೊಡಗಿದ. ಮಹದೇವಮ್ಮನೇ ಕೂಗಿದಳು, ‘ಪುಟ್ಟಮಾದ, ಬಾರಪ್ಪಾ.’

ಹೆಸರು ಕೂಗಿದ ಮೇಲೆ ಎಡೆಗೆ ಅಡ್ಡಬೀಳಬೇಕು. ಕರಿಸಿದ್ದಯ್ಯ ನಿಂತೇ ಇದ್ದ. ಹುಟ್ಟಿದಾಗಿನಿಂದ ಅವನು ಅಡ್ಡಬಿದ್ದದ್ದೆಲ್ಲ ತನಗಿಂತ ದೊಡ್ಡವರಿಗೆ. ತಾನೇ ಎತ್ತಿ ಆಡಿಸಿದ ಕೂಸಿಗೆ ಬೀಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

‘ಮಗುಂಗೆ ಎಂಗಮ್ಮಿ ಅಡ್ಡಬೀಳದು?’ ಎಂದ.

‘ಬೀಳು’ ಎಂದಳು ಮಹದೇವಮ್ಮ. ‘ಈಗವ್ನು ನಮಗಿಂತ ಇರೀಕ. ನಮಗಿಂತ ಮುಂದಾಗಿ ಓಗವ್ನೆ.’

ಕರಿಸಿದ್ದಯ್ಯ ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿದ. ಏಳಲು ಆಗದೆ ಹಾಗೆಯೇ ಬಿದ್ದುಕೊಂಡಿದ್ದವನನ್ನು ಅವಳು ತೋಳು ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದಳು. ಹಿರಿಯರು ಉಣ್ಣುವಾಗ ಮನೆಯವರು ಬಾಗಿಲು ಎಳೆದುಕೊಂಡು ಹೊರಗೆ ಕೂತಿರುವುದು ರೂಢಿ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ಪ್ರಸಾದ ತೆಗೆದುಕೊಳ್ಳುತ್ತಾರೆ. ಆ ದಿನ ಅಕ್ಕಪಕ್ಕದ ಮನೆಗಳಲ್ಲಿ ಬಾಗಿಲು ತೆಗೆದರು, ಉಂಡರು, ಎಲೆ ಎಸೆದರು. ಕರಿಸಿದ್ದಯ್ಯ ಎರಡು ಸಲ ಬಾಗಿಲು ತಟ್ಟಲು ಎದ್ದ. ಎರಡು ಸಲವೂ ಮಹದೇವಮ್ಮ ಅವನ ಪಂಚೆ ಹಿಡಿದು ಕೂರಿಸಿದಳು.

‘ಇರು’ ಎಂದಳು. ‘ಅವ್ನಿನ್ನೂ ಉಣ್ತಾವ್ನೆ.’